ಹದಿಹರೆಯದ ಬೊಜ್ಜು: ಮೊಬೈಲ್ ನೆರವಿಗೆ ಬರಬಲ್ಲುದೇ?

ಮಕ್ಕಳ ತೂಕ ಹೆಚ್ಚಾಗಿದೆ ಎಂದಾಗ ಹೆಚ್ಚಿನ ಹೆತ್ತವರು ಮೊದಲು ದೂರುವುದು ಮೊಬೈಲನ್ನು. 'ಇಡೀ ದಿನ ಅದನ್ನೇ ಹಿಡ್ಕೊಂಡು ಕೂತಿರ್ತಾನೆ, ತಿನ್ನುವಾಗಲೂ ಕೆಳಗಿಡುವುದಿಲ್ಲ' ಎಂಬ ಮಾತು ಯಾವ ಮನೆಯಲ್ಲಿ ಕೇಳುವುದಿಲ್ಲ ಹೇಳಿ? ದೂರಿನಲ್ಲಿ ಸತ್ಯವಿದೆ. ಆದರೆ ಹದಿನಾಲ್ಕು, ಹದಿನೈದರ ಮಕ್ಕಳ ಕೈಯಿಂದ ಮೊಬೈಲನ್ನು ಪೂರ್ತಿಯಾಗಿ ಕಿತ್ತುಕೊಳ್ಳುವುದು ಈಗಿನ ಕಾಲದಲ್ಲಿ ಸುಲಭವಲ್ಲ. ಹಾಗಿರುವಾಗ ಅದೇ ಮೊಬೈಲನ್ನು ಮಗುವಿನ ಆರೋಗ್ಯಕ್ಕೆ ಬಳಸಿಕೊಳ್ಳಬಹುದೇ? ಖಂಡಿತ ಬಳಸಿಕೊಳ್ಳಬಹುದು. ಆದರೆ ಬಳಸುವ ಕ್ರಮ ತಪ್ಪಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ನಮ್ಮ ದೇಶದಲ್ಲಿ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದ ಮಕ್ಕಳಲ್ಲಿ ಶೇ. 24ರಷ್ಟು ಮಂದಿ ತೀರಾ ತೆಳ್ಳಗಿದ್ದರೆ, ಶೇ. 5ರಷ್ಟು ಮಂದಿ ಅಧಿಕ ತೂಕದವರು. ತೆಳ್ಳಗಿನ ಮಕ್ಕಳೇ ಹೆಚ್ಚಿರುವ ನಾಡಿನಲ್ಲಿ ದಪ್ಪಗಿರುವ ಮಗು 'ಚೆನ್ನಾಗಿ ಉಂಡು ಬೆಳೆದ ಮಗು' ಎನಿಸಿಕೊಳ್ಳುತ್ತದೆ. ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾದಾಗಲೂ ಅದು ಕೊಳೆ ಎಂದುಕೊಂಡು ಉಜ್ಜುವ ತಾಯಂದಿರಿದ್ದಾರೆ. ಅಧಿಕ ತೂಕದ ಮಕ್ಕಳಲ್ಲಿ ಅದು ದೇಹಕ್ಕೆ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ಅದನ್ನು ಉಜ್ಜಿ ತೆಗೆಯಲಾಗದು, ವೈದ್ಯರಿಗೆ ತೋರಿಸಬೇಕು.

ದೊಡ್ಡವರ ಲೆಕ್ಕ ಮಕ್ಕಳಿಗಲ್ಲ

ಎತ್ತರ ಮತ್ತು ತೂಕ ಹಾಕಿದರೆ ಕ್ಷಣದಲ್ಲಿ ಬಿಎಂಐ ಹೇಳುವ ಹತ್ತಾರು ಆ್ಯಪ್‌ಗಳಿವೆ. ಅವುಗಳಲ್ಲಿ ಹೆಚ್ಚಿನವು ವಯಸ್ಕರಿಗಾಗಿ ಮಾಡಿದವು. ಬೆಳೆಯುವ ಮಕ್ಕಳಿಗೆ ಆ ಗೆರೆಗಳು ಅನ್ವಯಿಸುವುದಿಲ್ಲ. ಅವರ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ಹೊಂದಿಸಿ ನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಇಂತಹ ಚಾರ್ಟ್‌ಗಳನ್ನು ಪ್ರಕಟಿಸಿದೆ. ಮಕ್ಕಳ ವೈದ್ಯರ ಬಳಿ ಅವು ಇರುತ್ತವೆ. ಆದ್ದರಿಂದ ಆ್ಯಪ್ ನೋಡಿ ಮಗುವಿಗೆ 'ನಿನಗೆ ಬೊಜ್ಜು' ಎಂಬ ಹಣೆಪಟ್ಟಿ ಕಟ್ಟುವ ಮೊದಲು ಒಮ್ಮೆ ವೈದ್ಯರ ಚಾರ್ಟ್‌ನಲ್ಲಿ ನೋಡಿಸಿಕೊಳ್ಳಿ.

ಇನ್ನೊಂದು ವಿಷಯವನ್ನೂ ಗಮನಿಸಿ. 13 ವರ್ಷದ ಹುಡುಗನೊಬ್ಬ 155 ಸೆಂಟಿಮೀಟರ್ ಎತ್ತರ, 60 ಕಿಲೋ ತೂಕ ಇದ್ದಾನೆ ಎಂದುಕೊಳ್ಳಿ. ಅವನ ಬಿಎಂಐ ಸುಮಾರು 25. ಮುಂದೆ ಅವನು 160 ಸೆಂಟಿಮೀಟರ್‌ಗೆ ಬೆಳೆದಾಗಲೂ ತೂಕ 60 ಕಿಲೋದಲ್ಲೇ ನಿಂತಿದ್ದರೆ ಬಿಎಂಐ 23.4ಕ್ಕೆ ಇಳಿದಿರುತ್ತದೆ. ಒಂದು ಕಿಲೋ ಕೂಡ ಕಳೆದುಕೊಳ್ಳದೆ ಅವನ ಸ್ಥಿತಿ ಸುಧಾರಿಸಿದೆ! ಬೆಳೆಯುವ ಅನೇಕ ಮಕ್ಕಳಿಗೆ ಬೇಕಾಗಿರುವುದು ಇಷ್ಟೇ. ಹಾಗಾಗಿ ಪಥ್ಯ, ಉಪವಾಸಗಳ ಮೂಲಕ ತೂಕ ಇಳಿಸುವ ಆತುರ ಬೇಡ. ಅಭ್ಯಾಸಗಳು ಬದಲಾದರೆ ಎತ್ತರವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಮೊಬೈಲ್ ಮಾಡಬಲ್ಲ ಕೆಲಸ

ನಾವು ನಿನ್ನೆ ಏನೇನು ತಿಂದೆವು, ಎಷ್ಟು ನಡೆದೆವು ಎಂದು ಯಾರಾದರೂ ಕೇಳಿದರೆ ತಿಂದದ್ದನ್ನು ಕಡಿಮೆಯಾಗಿಯೂ ನಡೆದದ್ದನ್ನು ಹೆಚ್ಚಾಗಿಯೂ ಹೇಳುತ್ತೇವೆ. ಸುಳ್ಳು ಹೇಳಬೇಕೆಂದಲ್ಲ, ನೆನಪೇ ಹಾಗೆ. ಟ್ಯೂಶನ್‌ನಿಂದ ಬರುವಾಗ ಬೇಕರಿಯಲ್ಲಿ ತಿಂದ ಒಂದು ಪಫ್ಸ್ ಲೆಕ್ಕಕ್ಕೇ ಬರುವುದಿಲ್ಲ. ಮೊಬೈಲ್‌ನ ಮೊದಲ ಉಪಯೋಗ ಇಲ್ಲಿದೆ. ಅದು ದಾಖಲೆ ಇಡುತ್ತದೆ. ಹೊತ್ತಿಗೆ ಸರಿಯಾಗಿ ನೆನಪಿಸುತ್ತದೆ. ವಾರದ ಕೊನೆಗೆ ಎಷ್ಟು ದಿನ ಮಾತು ಉಳಿಸಿಕೊಂಡೆವು ಎಂದು ತೋರಿಸುತ್ತದೆ. ಇದಕ್ಕಿಂತ ಹೆಚ್ಚಿನ ಪವಾಡವನ್ನು ಯಾವ ಆ್ಯಪ್‌ನಿಂದಲೂ ನಿರೀಕ್ಷಿಸಬೇಡಿ.

ಇದಕ್ಕೆ ದುಬಾರಿ ಕೈಗಡಿಯಾರವೋ ಹಣ ಕಟ್ಟುವ ಆ್ಯಪೋ ಬೇಕಿಲ್ಲ. ಮೊಬೈಲ್‌ನಲ್ಲಿರುವ ಅಲಾರಂ, ಕ್ಯಾಮರಾ, ಕ್ಯಾಲೆಂಡರ್ ಸಾಕು. ಕೇಂದ್ರ ಸರಕಾರ 2021ರಲ್ಲಿ ಬಿಡುಗಡೆ ಮಾಡಿದ ಫಿಟ್ ಇಂಡಿಯಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ.

ನಾಲ್ಕೇ ವಿಷಯ ಗಮನಿಸಿ

1. ಕುಡಿಯುವುದು: 250 ಮಿಲಿ ಲೀಟರ್ ಕೋಲಾದಲ್ಲಿ 25 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ದಿನಕ್ಕೆ 2000 ಕ್ಯಾಲರಿ ಆಹಾರ ತಿನ್ನುವವರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು 50 ಗ್ರಾಂನೊಳಗೆ, ಸಾಧ್ಯವಾದರೆ 25 ಗ್ರಾಂನೊಳಗೆ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಅಂದರೆ ಒಂದು ಬಾಟಲಿಯಲ್ಲೇ ದಿನದ ಪಾಲು ಮುಗಿಯಿತು. ಪೊಟ್ಟಣದ ಜ್ಯೂಸ್, ಶರಬತ್ತು, ಸಕ್ಕರೆ ತುಂಬಿದ ಮಿಲ್ಕ್ ಶೇಕ್‌ಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಪೊಟ್ಟಣದ ಹಿಂದಿರುವ ಪೋಷಕಾಂಶಗಳ ಪಟ್ಟಿಯನ್ನು ಓದಲು ಮಗುವಿಗೆ ಕಲಿಸಿ. ಬಾರ್‌ಕೋಡ್‌ಗೆ ಕ್ಯಾಮರಾ ಹಿಡಿದರೆ ಆ ವಿವರ ತೋರಿಸುವ ಓಪನ್ ಫುಡ್ ಫ್ಯಾಕ್ಟ್ಸ್‌ನಂತಹ ಉಚಿತ ಆ್ಯಪ್‌ಗಳಿವೆ. ಅಂಗಡಿಯಲ್ಲಿ ಎರಡು ಬಿಸ್ಕತ್ ಪೊಟ್ಟಣಗಳನ್ನು ಹೋಲಿಸಿ ನೋಡುವುದು ಮಕ್ಕಳಿಗೆ ಆಟದಂತೆ ಹಿಡಿಸುತ್ತದೆ.

2. ಮೈ ಬೆವರುವುದು: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲರೂ ಹೇಳುವ ಹತ್ತು ಸಾವಿರ ಹೆಜ್ಜೆಗಳ ಹಿಂದೆ ಬೇರೆಯೇ ಕತೆಯಿದೆ. 1965ರಲ್ಲಿ ಜಪಾನಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಇಟ್ಟ ಹೆಸರಿನಿಂದ ಆ ಸಂಖ್ಯೆ ಜನಜನಿತವಾಯಿತು. ಶಾಲೆಗೆ ಮೊಬೈಲ್ ಒಯ್ಯದ ಮಗುವಿನ ಹೆಜ್ಜೆಯನ್ನು ಆ್ಯಪ್ ಎಣಿಸುವುದೂ ಇಲ್ಲ. ಸೈಕಲ್ ತುಳಿದದ್ದು, ಈಜಿದ್ದು ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಹೆಜ್ಜೆಗಿಂತ ನಿಮಿಷಗಳನ್ನು ಬರೆದಿಡಿ.

3. ನಿದ್ದೆ: 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಕರಿದ ತಿಂಡಿಯ ಮೇಲೆ ಆಸೆ ಹೆಚ್ಚುತ್ತದೆ. ಆಂಡ್ರಾಯ್ಡ್ ಮೊಬೈಲ್‌ನ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನಿನ 'ಸ್ಕ್ರೀನ್ ಟೈಮ್' ಎಂಬ ವ್ಯವಸ್ಥೆಗಳಲ್ಲಿ ಇಂತಿಷ್ಟು ಹೊತ್ತಿಗೆ ಆ್ಯಪ್‌ಗಳು ಮುಚ್ಚುವಂತೆ ಮಾಡಬಹುದು. ಇಶಾ ನಮಾಝ್, ರಾತ್ರಿಯೂಟ ಮುಗಿದ ಬಳಿಕ ಎಲ್ಲರ ಮೊಬೈಲ್ ಹಾಲ್‌ನಲ್ಲೇ ಚಾರ್ಜ್ ಆಗಲಿ. ಎಲ್ಲರ ಮೊಬೈಲ್ ಎಂದರೆ ನಿಮ್ಮದೂ ಸೇರಿದಂತೆ. ಫಜ್ರ್‌ಗೆ ಏಳುವುದೂ ಸುಲಭವಾಗುತ್ತದೆ.

4. ಪರದೆಯ ಮುಂದಿನ ಊಟ: ವೀಡಿಯೋ ನೋಡುತ್ತಾ ಉಣ್ಣುವವರಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಊಟದ ಹೊತ್ತಿಗೆ ಮೊಬೈಲ್ ದೂರವಿರಲಿ.

ನಾಲ್ಕನ್ನೂ ಒಮ್ಮೆಲೇ ಹಿಡಿದುಕೊಳ್ಳಬೇಡಿ. ಎರಡು ವಾರಗಳಿಗೆ ಒಂದು ಸಾಕು. ಯಾವುದರಿಂದ ಪ್ರಾರಂಭಿಸಬೇಕೆಂದು ಮಗುವೇ ಆರಿಸಿಕೊಳ್ಳಲಿ. ತಾನೇ ಆರಿಸಿಕೊಂಡದ್ದನ್ನು ಮಗು ಪಾಲಿಸುತ್ತದೆ, ಹೇರಿದ್ದನ್ನು ಅಡಗಿಸುತ್ತದೆ. ಹೊಸ ಅಭ್ಯಾಸವನ್ನು ಈಗಾಗಲೇ ಇರುವ ಅಭ್ಯಾಸಕ್ಕೆ ಕಟ್ಟಿದರೆ ಬೇಗ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ದಿನವನ್ನು ಐದಾಗಿ ವಿಂಗಡಿಸುವ ನಮಾಝ್‌ನ ಹೊತ್ತುಗಳಿವೆ. 'ಸಂಜೆ ವ್ಯಾಯಾಮ' ಎಂದರೆ ಮರೆತು ಹೋಗುತ್ತದೆ. 'ಅಸರ್ ಆದ ಕೂಡಲೇ ಇಪ್ಪತ್ತು ನಿಮಿಷ' ಎಂದರೆ ನೆನಪಿರುತ್ತದೆ.

ಕ್ಯಾಲರಿ ಎಣಿಕೆ ಬೇಡ

ಆಹಾರದ ಹೆಸರು ಬರೆದರೆ ಕ್ಯಾಲರಿ ಹೇಳುವ ಆ್ಯಪ್‌ಗಳು ಮಕ್ಕಳಿಗೆ ಒಳ್ಳೆಯದಲ್ಲ. ಒಂದು, ಅವು ನಮ್ಮ ಅಡುಗೆಗೆ ಹೊಂದುವುದಿಲ್ಲ. ಒಬ್ಬರ ಮನೆಯ ಬಿರಿಯಾನಿಗೂ ಇನ್ನೊಬ್ಬರ ಮನೆಯ ಬಿರಿಯಾನಿಗೂ ಎಣ್ಣೆ, ತುಪ್ಪದಲ್ಲಿ ಎಷ್ಟು ವ್ಯತ್ಯಾಸ! ಒಂದೇ ದೊಡ್ಡ ತಟ್ಟೆಯಿಂದ ಎಲ್ಲರೂ ಉಣ್ಣುವ ಮನೆಯಲ್ಲಿ ಯಾರು ಎಷ್ಟು ತಿಂದರೆಂದು ಅಳೆಯುವುದು ಹೇಗೆ? ಎರಡನೆಯದು ಇನ್ನೂ ಗಂಭೀರ. ಪಥ್ಯ ಮಾಡುವುದು ಮತ್ತು ತೂಕದ ಬಗ್ಗೆ ಮನೆಯವರು ಆಡುವ ಮಾತುಗಳು ಮಕ್ಕಳನ್ನು ಬೊಜ್ಜಿನತ್ತಲೂ, ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆಗಳತ್ತಲೂ ತಳ್ಳಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಎಚ್ಚರಿಸಿದೆ. ಮನೆಯವರೆಲ್ಲ ಸೇರಿ ಉಣ್ಣುವುದು ಮಕ್ಕಳಿಗೆ ರಕ್ಷಣೆ ಎಂದೂ ಅದು ಹೇಳಿದೆ.

ಬೇಕಿದ್ದರೆ ತಟ್ಟೆಯ ಫೋಟೋ ತೆಗೆದಿಡಲಿ. ವಾರದ ಕೊನೆಗೆ ಕೂತು ನೋಡಿದಾಗ 'ಉಮ್ಮಾ, ನಾಲ್ಕು ದಿನ ತರಕಾರಿಯೇ ಇಲ್ಲ' ಎಂದು ಮಗುವೇ ಹೇಳುತ್ತದೆ. ಸಂಖ್ಯೆಗಿಂತ ಈ ಅರಿವು ಮುಖ್ಯ.

ಒಬ್ಬರಿಗೊಂದು ನಿಯಮ ಬೇಡ

ತಮ್ಮನಿಗೆ ಪರೋಟ, ಅಣ್ಣನಿಗೆ ಸೌತೆಕಾಯಿ ಎಂದರೆ ಅದು ಶಿಕ್ಷೆ. ಕೋಲಾ ಬಾಟಲಿ ಮನೆಗೆ ಬರುವುದು ನಿಂತರೆ ಎಲ್ಲರಿಗೂ ನಿಲ್ಲಲಿ. ಗಲ್ಫ್‌ನಲ್ಲಿರುವ ತಂದೆಯೂ ಇದರಲ್ಲಿ ಸೇರಬಹುದು. ಮನೆಯವರದೊಂದು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಅಬ್ಬಾ ದುಬೈಯಲ್ಲಿ ನಡೆದ ನಿಮಿಷಗಳನ್ನು, ಮಗ ಊರಿನಲ್ಲಿ ಆಡಿದ ನಿಮಿಷಗಳನ್ನು ಹಾಕಲಿ. ವೀಡಿಯೋ ಕಾಲ್‌ನಲ್ಲಿ 'ತೂಕ ಎಷ್ಟಾಯಿತು?' ಎಂದು ಕೇಳುವ ಬದಲು 'ಇವತ್ತು ಎಷ್ಟು ಹೊತ್ತು ಆಡಿದೆ?' ಎಂದು ಕೇಳಿ. ಆದರೆ ಈ ಗ್ರೂಪ್‌ನಲ್ಲಿ ತೂಕದ ಅಂಕಿ, ತಮಾಷೆಯ ಸ್ಟಿಕ್ಕರ್, ನೆಂಟರಿಷ್ಟರು ಇರಕೂಡದು. ಮದುವೆ ಮನೆಯಲ್ಲಿ ಯಾರೋ ಆಡಿದ 'ಎಷ್ಟು ದಪ್ಪ ಆಗಿದ್ದಾಳೆ, ನಾಳೆ ಸಂಬಂಧ ಹುಡುಕುವಾಗ ಕಷ್ಟ' ಎಂಬ ಮಾತು ಹುಡುಗಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಂತಹ ಮಾತನ್ನು ಅಲ್ಲೇ ತಡೆಯುವುದು ತಾಯಿಯ ಹೊಣೆ.

ಹೆಣ್ಣು ಮಕ್ಕಳ ವಿಷಯದಲ್ಲಿ ವಿಶೇಷ ಕಾಳಜಿ ಅಗತ್ಯ. ಗಂಡು ಮಕ್ಕಳು ಮಸೀದಿಗೆ ನಡೆದೋ ಮೈದಾನದಲ್ಲಿ ಆಡಿಯೋ ಸ್ವಲ್ಪ ಬೆವರುತ್ತಾರೆ. ಹುಡುಗಿಯರ ದಿನವೋ ಶಾಲೆ, ಮದ್ರಸ, ಟ್ಯೂಶನ್, ಮನೆ ಎಂದು ಕುಳಿತಲ್ಲೇ ಮುಗಿಯುತ್ತದೆ. ಅವರಿಗೆ ಮೊಬೈಲ್ ನಿಜಕ್ಕೂ ಉಪಕಾರಿ. ವ್ಯಾಯಾಮದ ವೀಡಿಯೋ ಹಾಕಿ ತಾಯಿ, ಮಗಳು ಕೋಣೆಯಲ್ಲೋ ತಾರಸಿಯಲ್ಲೋ ಇಪ್ಪತ್ತು ನಿಮಿಷ ಮೈ ಬಗ್ಗಿಸಬಹುದು, ಹಗ್ಗದಾಟ ಆಡಬಹುದು. ವೀಡಿಯೋವನ್ನು ನೀವು ಮೊದಲು ನೋಡಿ ಆರಿಸಿಡಿ. ಮಗಳ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಟ್ಟು ವೈದ್ಯೆಗೆ ತೋರಿಸಿ.

ರಮಝಾನ್‌ನಲ್ಲಿ

'ಇಂಟರ್‌ಮಿಟೆಂಟ್ ಫಾಸ್ಟಿಂಗ್' ಆ್ಯಪ್‌ಗಳು ಉಪವಾಸವನ್ನು ತೂಕ ಇಳಿಸುವ ಉಪಾಯವಾಗಿ ಮಾರುತ್ತವೆ. ರೋಝಾ ಆರಾಧನೆಯೇ ಹೊರತು ಪಥ್ಯವಲ್ಲ. ಹದಿಹರೆಯದವರು ವೈದ್ಯರ ಸಲಹೆಯಿಲ್ಲದೆ ಅಂತಹ ಆ್ಯಪ್ ಬಳಸುವುದು ಸರಿಯಲ್ಲ. ಮಧುಮೇಹದ ಔಷಧಿ ತೆಗೆದುಕೊಳ್ಳುವ ಮಕ್ಕಳು ರೋಝಾದ ಬಗ್ಗೆ ಮೊದಲೇ ವೈದ್ಯರನ್ನು ಕೇಳಬೇಕು. ಈ ತಿಂಗಳಲ್ಲಿ ತೂಕದ ಗೊಡವೆ ಬಿಟ್ಟು ಮೂರು ವಿಷಯ ನೋಡಿಕೊಳ್ಳಿ: ಇಫ್ತಾರ್‌ನಲ್ಲಿ ಶರಬತ್ತಿಗಿಂತ ಮೊದಲು ನೀರು, ಸಮೋಸಾದ ಜೊತೆ ಹಣ್ಣು, ತರಾವೀಹ್ ಬಳಿಕ ಮೊಬೈಲ್ ಹಿಡಿಯದೆ ನಿದ್ದೆ. ಈದ್ ದಿನದ ಊಟವನ್ನು ಯಾವ ಆ್ಯಪ್‌ಗೂ ಬರೆಯಬೇಕಾಗಿಲ್ಲ.

ಆ್ಯಪ್ ಹಾಕುವ ಮುನ್ನ

ಅಮೆರಿಕದ ಪ್ರಸಿದ್ಧ ತೂಕ ಇಳಿಕೆ ಕಂಪೆನಿಯೊಂದು 'ಕುರ್ಬೋ' ಎಂಬ ಆ್ಯಪನ್ನು 2019ರಲ್ಲಿ 8ರಿಂದ 17 ವರ್ಷದವರಿಗಾಗಿ ತಂದಿತ್ತು. ಹೆತ್ತವರ ಸರಿಯಾದ ಒಪ್ಪಿಗೆ ಪಡೆಯದೆ ಚಿಕ್ಕ ಮಕ್ಕಳ ತೂಕ, ಆಹಾರದ ಮಾಹಿತಿ ಸಂಗ್ರಹಿಸಿದ ಆರೋಪದಲ್ಲಿ 2022ರಲ್ಲಿ ಆ ಕಂಪೆನಿ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಆ್ಯಪ್ ಏನೇನು ಕೇಳುತ್ತದೆ ಎಂದು ನೋಡಿ. ಹೆಜ್ಜೆ ಎಣಿಸಲು ಸಂಪರ್ಕಗಳ ಪಟ್ಟಿಯೋ ಫೋಟೋಗಳೋ ಏಕೆ? ಮಗಳ ದೇಹದ ಫೋಟೋ ಕೇಳುವ, 'ಮೊದಲು, ನಂತರ' ಚಿತ್ರ ಹಾಕಿಸುವ ಯಾವುದೂ ಬೇಡ. ವಾರದಲ್ಲಿ ಐದು ಕಿಲೋ ಇಳಿಸುವ ಪುಡಿ, ಚಹಾ, ಶೇಕ್‌ಗಳ ರೀಲ್ಸ್ ಬಂದರೆ ಅದು ವ್ಯಾಪಾರ ಎಂದು ಮಗುವಿಗೆ ಬಿಡಿಸಿ ಹೇಳಿ.

ಮೊಬೈಲ್ ವೈದ್ಯರಾಗದು

ಬೊಜ್ಜಿರುವ ಮಕ್ಕಳಿಗೂ ಅವರ ಮನೆಯವರಿಗೂ 3ರಿಂದ 12 ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ ನೇರ ಮಾರ್ಗದರ್ಶನ ಸಿಕ್ಕರೆ ಹೆಚ್ಚು ಫಲಕಾರಿ ಎಂದು ಅದೇ ಅಮೆರಿಕದ ಅಕಾಡೆಮಿ 2023ರಲ್ಲಿ ಹೇಳಿತು. ಮನುಷ್ಯರ ಜೊತೆಗಿನ ಈ ಒಡನಾಟದ ಜಾಗವನ್ನು ಆ್ಯಪ್ ತುಂಬಲಾರದು. ಕತ್ತು ಕಪ್ಪಾಗುವುದು, ಗೊರಕೆ ಮತ್ತು ಹಗಲಿನ ತೂಕಡಿಕೆ, ಅತಿಯಾದ ಬಾಯಾರಿಕೆ, ಎತ್ತರ ಬೆಳೆಯದೆ ತೂಕ ಮಾತ್ರ ಏರುವುದು ಕಂಡರೆ ತಡ ಮಾಡದೆ ವೈದ್ಯರನ್ನು ಕಾಣಿ. ಸರಕಾರಿ ಆಸ್ಪತ್ರೆಗಳ ಹದಿಹರೆಯದವರ ಸ್ನೇಹಾ ಕ್ಲಿನಿಕ್‌ಗಳಲ್ಲಿ ವಿಚಾರಿಸಬಹುದು. ಸರಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಉಚಿತವಾಗಿ ವೈದ್ಯರ ಜೊತೆ ಮಾತಾಡಬಹುದು. ಮಗು ಕದ್ದು ಊಟ ಬಿಡುತ್ತಿದ್ದರೆ, ದಿನಕ್ಕೆ ಹಲವು ಬಾರಿ ತೂಕ ನೋಡುತ್ತಿದ್ದರೆ, ಊಟವಾದ ಕೂಡಲೇ ಬಾತ್‌ರೂಮ್ ಬಾಗಿಲು ಹಾಕಿಕೊಳ್ಳುತ್ತಿದ್ದರೆ ಆ್ಯಪನ್ನು ಅಂದೇ ಅಳಿಸಿ, ವೈದ್ಯರನ್ನು ಕಾಣಿ. ಮಗುವಿನ ಮನಸ್ಸಿನ ವಿಷಯದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಈ ವಾರ ಒಂದೇ ಕೆಲಸ ಮಾಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನ ನಾಲ್ಕರಲ್ಲಿ ಒಂದನ್ನು ಆರಿಸಲು ಹೇಳಿ, ಅದಕ್ಕೊಂದು ಅಲಾರಂ ಇಡಿ. ಅಲಾರಂ ಹೊಡೆದಾಗ ಮಗುವಿನ ಜೊತೆ ನೀವೂ ಏಳಿ.