ಜಾರುವ ಬೆಲ್ಟಿನಿಂದ ಬೆದ್ರಡ್ಕದ ಆಲ್ಟರ್ನೇಟರಿಗೆ

ರೈಲು ಬೋಗಿಯ ಬ್ಯಾಟರಿಗೆ ಹರಿಯುವ ಕರೆಂಟನ್ನು ಹದದಲ್ಲಿಡುವ ಕಷ್ಟ, ಬೋಗಿಯ ವಿದ್ಯುದ್ದೀಪದಷ್ಟೇ ಹಳೆಯದು. ಗಾಲಿಯ ಅಚ್ಚಿನಿಂದ ತಿರುಗುವ ಯಂತ್ರ ಗಾಡಿ ಓಡುವಾಗ ಮಾತ್ರ ವಿದ್ಯುತ್ ಕೊಡುತ್ತದೆ. ಗಾಡಿ ನಿಂತರೆ ದೀಪ, ಫ್ಯಾನುಗಳ ಹೊಣೆಯೆಲ್ಲ ಬ್ಯಾಟರಿಯದು. ವೇಗ ಗಂಟೆಗೆ 40 ಕಿ.ಮೀ. ಇರಲಿ, 100 ಕಿ.ಮೀ. ಇರಲಿ, ಬ್ಯಾಟರಿ ತಾಳಿಕೊಳ್ಳುವ ಕರೆಂಟ್ ಬದಲಾಗುವುದಿಲ್ಲ. ಅದರ ಒಳರೋಧ ತೀರಾ ಕಡಿಮೆ. 0.1 ಓಮ್ ಎಂದು ಹಿಡಿದರೂ, ವೋಲ್ಟೇಜ್ ಬರೀ 2 ವೋಲ್ಟ್ ಏರಿದರೆ ಕರೆಂಟ್ 20 ಆಂಪಿಯರ್ ಜಿಗಿಯುತ್ತದೆ. ಕರೆಂಟ್ ಅತಿಯಾದರೆ ಬ್ಯಾಟರಿ ಕಾಯ್ದು, ಅದರೊಳಗಿನ ನೀರು ಅನಿಲವಾಗಿ ಹಾರಿಹೋಗುತ್ತದೆ. ಸಾಲದೆ ಹೋದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ಮೊದಮೊದಲು ಈ ತಾಪತ್ರಯ ಇರಲಿಲ್ಲ. 1881ರ ಅಕ್ಟೋಬರಿನಲ್ಲಿ ಲಂಡನ್–ಬ್ರೈಟನ್ ಮಾರ್ಗದ ‘ಬಿಯಾಟ್ರಿಸ್’ ಎಂಬ ಪುಲ್‌ಮನ್ ಬೋಗಿಯಲ್ಲಿ ವಿದ್ಯುದ್ದೀಪ ಉರಿದಾಗ, ಬ್ಯಾಟರಿಗಳನ್ನು ನೆಲದ ಮೇಲೇ ಚಾರ್ಜ್ ಮಾಡಿ ಗಾಡಿಗೆ ಏರಿಸಲಾಗಿತ್ತು. ದೂರದ ಪಯಣಕ್ಕೆ ಇದು ಒಗ್ಗುವ ಮಾತಲ್ಲ. ಬೋಗಿ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳಬೇಕಾಯಿತು.

ಆಗ ಬಂದದ್ದು ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿದ್ದ ಜೆ. ಸ್ಟೋನ್ ಕಂಪನಿಯ ಉಪಾಯ. 1890ರ ದಶಕದ ನಡುಭಾಗದಲ್ಲಿ ಬಳಕೆಗೆ ಬಂದ ಅದರಲ್ಲಿ ಕರೆಂಟನ್ನು ಅಳೆಯುವ ಸಾಧನವೂ ಇರಲಿಲ್ಲ, ಸೂಕ್ಷ್ಮವಾದ ನಿಯಂತ್ರಕವೂ ಇರಲಿಲ್ಲ. ಕೆಲಸವನ್ನೆಲ್ಲ ನಿಭಾಯಿಸಿದ್ದು ಒಂದು ಬೆಲ್ಟು. ಡೈನಮೊವನ್ನು ಬೋಗಿಯ ಅಡಿಯಲ್ಲಿ ಬಿಗಿಯಾಗಿ ಕೂರಿಸದೆ, ಒಂದು ಮೂಲೆಯಿಂದ ಕೊಂಡಿಯಲ್ಲಿ ತೂಗುಬಿಡುತ್ತಿದ್ದರು. ತೂಗುತ್ತಿದ್ದ ಡೈನಮೊದ ಭಾರವೇ ಬೆಲ್ಟನ್ನು ಬಿಗಿದಿಡುತ್ತಿತ್ತು. ವೇಗ ಏರಿ ಡೈನಮೊ ಮೇಲಿನ ಹೊರೆ ಹೆಚ್ಚಿದಂತೆ ಬೆಲ್ಟಿನ ಎಳೆತವೂ ಹೆಚ್ಚಿ, ಡೈನಮೊ ಅಚ್ಚಿನ ಕಡೆಗೆ ವಾಲುತ್ತಿತ್ತು. ಎಳೆತ ನಿಗದಿತ ಮಿತಿ ಮುಟ್ಟಿದಾಗ ಬೆಲ್ಟು ಜಾರತೊಡಗುತ್ತಿತ್ತು. ಅಲ್ಲಿಂದಾಚೆ ಗಾಡಿ ಎಷ್ಟೇ ಜೋರಾಗಿ ಓಡಲಿ, ಡೈನಮೊದ ವೇಗ ಏರುತ್ತಿರಲಿಲ್ಲ.

ಇದರ ಹಿಂದಿನ ಲೆಕ್ಕಾಚಾರ ಸರಳ. ಡೈನಮೊದ ಕಾಂತಕ್ಷೇತ್ರದ ಸುರುಳಿಗೆ ವಿದ್ಯುತ್ ಸಿಗುತ್ತಿದ್ದುದು ಬ್ಯಾಟರಿಯ ತಂತಿಗಳಿಂದಲೇ. ಬ್ಯಾಟರಿಯ ವೋಲ್ಟೇಜ್ ಹೆಚ್ಚು ಏರಿಳಿಯುವುದಿಲ್ಲವಾದ್ದರಿಂದ ಕಾಂತಕ್ಷೇತ್ರವೂ ಸ್ಥಿರ. ಕ್ಷೇತ್ರ ಸ್ಥಿರವಾಗಿದ್ದರೆ ತಿರುಚುಬಲ ಕರೆಂಟಿನ ಅಳತೆಯನ್ನೇ ಅನುಸರಿಸುತ್ತದೆ. ಬೆಲ್ಟು ತಿರುಚುಬಲಕ್ಕೆ ಮಿತಿ ಹಾಕಿದರೆ ಕರೆಂಟಿಗೂ ಮಿತಿ ಹಾಕಿದಂತೆ. ಕೊಂಡಿಯ ತಿರುಪನ್ನು ಸ್ವಲ್ಪ ಬಿಗಿ ಮಾಡಿದರೆ, ಸ್ವಲ್ಪ ಸಡಿಲಿಸಿದರೆ ಆಂಪಿಯರ್ ಬದಲಾಗುತ್ತಿತ್ತು. ಗಾಡಿ ನಿಧಾನವಾದಾಗ ಬ್ಯಾಟರಿಯಿಂದ ಕರೆಂಟ್ ಡೈನಮೊಗೆ ಹಿಮ್ಮೊಗವಾಗಿ ಹರಿಯದಂತೆ, ತಿರುಗುವ ತೂಕಗಳ ಗವರ್ನರ್ ಒಂದು ಸ್ವಿಚ್ಚನ್ನು ತೆರೆಯುತ್ತಿತ್ತು. ದೀಪ ಮಿಣುಕದಿರಲೆಂದು ಎರಡು ಬ್ಯಾಟರಿಗಳ ಏರ್ಪಾಡೂ ಇತ್ತು.

ಎಂಜಿನಿಯರರಿಗೆ ಇದರ ಮೇಲೆ ಸಿಟ್ಟಿತ್ತು. ಜಾರುವ ಬೆಲ್ಟೆಂದರೆ ಶಕ್ತಿಯ ಪೋಲು. ಬೆಲ್ಟು ಕಾಯುತ್ತದೆ, ಸವೆಯುತ್ತದೆ, ಮಳೆಯಲ್ಲಿ ನೆನೆದರೆ ಲೆಕ್ಕವೇ ತಪ್ಪುತ್ತದೆ ಎಂಬುದು ಅವರ ತಕರಾರು. ತಕರಾರಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಈ ಪದ್ಧತಿ ಹಲವು ದಶಕ ಬಾಳಿತು. ಕೆಟ್ಟರೆ ಬಗ್ಗಿ ನೋಡಿ ಸರಿಪಡಿಸಬಹುದಾಗಿತ್ತು, ಸ್ಪ್ಯಾನರ್ ಹಿಡಿಯಬಲ್ಲವನಿಗೆ ಅದು ಅರ್ಥವಾಗುತ್ತಿತ್ತು.

ಭಾರತದಲ್ಲಿ ಸ್ಟೋನ್ ಕಂಪನಿ 1931ರಲ್ಲಿ ಕಲ್ಕತ್ತೆಯಲ್ಲಿ ನೆಲೆಯೂರಿತು. ಇಲ್ಲಿನ ಬೋಗಿಗಳಲ್ಲಿ 24 ವೋಲ್ಟಿನ ಡೈನಮೊ ಪದ್ಧತಿ ಬೇರುಬಿಟ್ಟಿತು. ಫ್ಯಾನು, ದೀಪಗಳ ಹೊರೆ ಹೆಚ್ಚಿದಂತೆ 24 ವೋಲ್ಟ್ ಸಾಲದೆ 110 ವೋಲ್ಟ್ ಬಂತು. ಅದರ ಜತೆಗೆ ಬ್ರಷ್ ಇಲ್ಲದ ಆಲ್ಟರ್ನೇಟರೂ ಬಂತು.

ಆಲ್ಟರ್ನೇಟರಿನ ರೋಟರಿನಲ್ಲಿ ಸುರುಳಿ ಇಲ್ಲ, ಅದು ಬರೀ ಹಲ್ಲುಗಳಿರುವ ಉಕ್ಕಿನ ಚಕ್ರ. ಕ್ಷೇತ್ರದ ಸುರುಳಿ, ವಿದ್ಯುತ್ ಹುಟ್ಟುವ ಸುರುಳಿ ಎರಡೂ ಹೊರಗಿನ ಸ್ಥಿರ ಭಾಗದಲ್ಲಿರುತ್ತವೆ. ಸವೆಯಲು ಬ್ರಷ್ ಇಲ್ಲ, ಹಳಿಯ ಧೂಳು ಕೂರಲು ಕಮ್ಯುಟೇಟರ್ ಇಲ್ಲ. ಸಾಧಾರಣ ಬೋಗಿಗೆ 4.5 ಕಿಲೋವಾಟ್ ಯಂತ್ರ ಸಾಕು: 120 ವೋಲ್ಟಿನಲ್ಲಿ 37.5 ಆಂಪಿಯರ್. ಎಸಿ ಬೋಗಿಗಳಿಗೆ 18, 25 ಕಿಲೋವಾಟಿನವು. ಇಲ್ಲಿ ಬೆಲ್ಟು ಜಾರಕೂಡದು, ಅದನ್ನು ಬಿಗಿಹಿಡಿಯಲು ಸ್ಪ್ರಿಂಗ್ ಇರುತ್ತದೆ. ಕರೆಂಟಿನ ಹತೋಟಿ ‘ಆರ್‌ಆರ್‌ಯು’ (ರೆಕ್ಟಿಫೈಯರ್–ರೆಗ್ಯುಲೇಟರ್ ಯೂನಿಟ್) ಎಂಬ ಪೆಟ್ಟಿಗೆಗೆ ದಾಟಿತು.

ಸಾಧಾರಣ ಬೋಗಿಯ ಬ್ಯಾಟರಿಯಲ್ಲಿ 56 ಸೀಸ–ಆಮ್ಲ ಕೋಶಗಳು. ಕೋಶಕ್ಕೆ 2.2 ವೋಲ್ಟಿನಂತೆ ಲೆಕ್ಕ ಹಾಕಿದರೆ ಸುಮಾರು 123 ವೋಲ್ಟ್. ಪೆಟ್ಟಿಗೆಯನ್ನು ಹೊಂದಿಸುವುದೂ ಇದರ ಆಸುಪಾಸಿನಲ್ಲೇ. ವೋಲ್ಟೇಜ್ ಇದನ್ನು ದಾಟಿದರೆ ಪೆಟ್ಟಿಗೆಯೊಳಗಿನ ಮ್ಯಾಗ್ನೆಟಿಕ್ ಆಂಪ್ಲಿಫೈಯರ್ ಕ್ಷೇತ್ರದ ಕರೆಂಟನ್ನು ತಗ್ಗಿಸುತ್ತದೆ. ಒಟ್ಟು ಕರೆಂಟ್ ಮಿತಿಮೀರಿದರೂ ಕ್ಷೇತ್ರ ತಗ್ಗುತ್ತದೆ. ತೊಡಕಿರುವುದು ವೇಳೆಯಲ್ಲಿ. ದೊಡ್ಡ ಸುರುಳಿಯಲ್ಲಿ ಕರೆಂಟ್ ತಟ್ಟನೆ ಬದಲಾಗುವುದಿಲ್ಲ. ನಿಯಂತ್ರಕ ಆತುರಪಟ್ಟರೆ ಪ್ರತಿಸಲವೂ ತಡವಾಗಿ, ಅತಿಯಾಗಿ ತಿದ್ದುತ್ತ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ, ಇದೇ ‘ಹಂಟಿಂಗ್’. ಬದಲಾವಣೆಯ ವೇಗವನ್ನೂ ಅಳೆದು ನಿಯಂತ್ರಕಕ್ಕೆ ಹಿಂದಿರುಗಿಸಿದರೆ, ಹೊರೆ ಹೆಚ್ಚಿದಂತೆ ವೋಲ್ಟೇಜ್ ತುಸು ಇಳಿಯಲು ಬಿಟ್ಟರೆ ಈ ತೂಗಾಟ ನಿಲ್ಲುತ್ತದೆ.

ಇಂಥ ಆಲ್ಟರ್ನೇಟರುಗಳು ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಲ್ಲೂ ತಯಾರಾದವು. ಕೇರಳ ಸರ್ಕಾರ 1964ರಲ್ಲಿ ಸ್ಥಾಪಿಸಿದ, ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ‘ಕೆಲ್’ ಕಂಪನಿಯ ಘಟಕವೊಂದು ಇಲ್ಲಿನ ಬೆದ್ರಡ್ಕದಲ್ಲಿ ನಡೆಯುತ್ತಿತ್ತು. 2011ರಲ್ಲಿ ಬಿಎಚ್‌ಇಎಲ್ ಶೇಕಡಾ 51 ಪಾಲು ಪಡೆದು ಅದು ಜಂಟಿ ಕಂಪನಿಯಾಯಿತು. ದೊಡ್ಡ ಹೆಸರು ಬಂತು, ನೆಮ್ಮದಿ ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಹಾಕಿದ ಬೀಗ ಎರಡು ವರ್ಷ ತೆರೆಯಲಿಲ್ಲ. ನೌಕರರು ಸಂಬಳಕ್ಕಾಗಿ ಹೋರಾಟಕ್ಕೆ ಕೂತರು. ಕೇರಳ ಸರ್ಕಾರ ಪಾಲನ್ನು ಮರಳಿ ಪಡೆದು, 2022ರ ಏಪ್ರಿಲ್ 1ರಂದು ‘ಕೆಲ್ ಇಎಂಎಲ್’ ಹೆಸರಿನಲ್ಲಿ ಕಾರ್ಖಾನೆಯನ್ನು ಮತ್ತೆ ತೆರೆಯಿತು. ಪಳಗಿದ ಕೈಗಳಿದ್ದ ಕಾರ್ಖಾನೆಯನ್ನು ಕೊಡು–ಕೊಳ್ಳುವ ಕಡತಗಳ ನಡುವೆ ಅಷ್ಟು ಕಾಲ ಸುಮ್ಮನೆ ಕೂರಿಸಿದ್ದು ಬರೀ ದಂಡ.

ಈ ನಡುವೆ ನಿಯಂತ್ರಣದ ವಿದ್ಯೆ ಮುಂದೆ ಸಾಗಿತ್ತು. ಹಳೆಯ ಪೆಟ್ಟಿಗೆ ಆಲ್ಟರ್ನೇಟರಿನ ಒಟ್ಟು ಕರೆಂಟಿಗಷ್ಟೇ ಮಿತಿ ಹಾಕುತ್ತಿತ್ತು. ಹಗಲಿನಲ್ಲಿ ದೀಪ ಆರಿಸಿದಾಗ ಅದರ ಪಾಲೂ ಬ್ಯಾಟರಿಯತ್ತ ನುಗ್ಗಬಹುದಿತ್ತು. ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ‘ಇಆರ್‌ಆರ್‌ಯು’ ಹಾಲ್ ಸೆನ್ಸರಿನಿಂದ ಬ್ಯಾಟರಿಯ ಕರೆಂಟನ್ನು ಪ್ರತ್ಯೇಕವಾಗಿ ಅಳೆಯುತ್ತದೆ, ಕ್ಷೇತ್ರದ ಕರೆಂಟನ್ನು ಟ್ರಾನ್ಸಿಸ್ಟರ್ ಸ್ವಿಚ್ಚುಗಳಿಂದ ಕ್ಷಣಕ್ಷಣಕ್ಕೂ ತಿದ್ದುತ್ತದೆ. ದೀಪ ಉರಿಯಲಿ, ಆರಲಿ, ಬ್ಯಾಟರಿಗೆ ಹಾಕಿದ ಮಿತಿ ಕದಲುವುದಿಲ್ಲ.

ಅಚ್ಚಿನಿಂದ ತಿರುಗುವ ಆಲ್ಟರ್ನೇಟರಿಗೇ ಈಗ ಜಾಗ ಕಡಿಮೆಯಾಗುತ್ತಿದೆ. ಹಳೆಯ ಮಾದರಿಯ ಬೋಗಿಗಳ ತಯಾರಿಯನ್ನು ಚೆನ್ನೈನ ಐಸಿಎಫ್ ಕಾರ್ಖಾನೆ 2018ರಲ್ಲಿ ನಿಲ್ಲಿಸಿತು. ಹೊಸ ಎಲ್‌ಎಚ್‌ಬಿ ಗಾಡಿಗಳಲ್ಲಿ ಹೆಚ್ಚಿನವು ಮೇಲಿನ ತಂತಿಯ ವಿದ್ಯುತ್ತನ್ನು ಎಂಜಿನ್ ಮೂಲಕ 750 ವೋಲ್ಟಿನ ಮೂರು ಫೇಸಿನಲ್ಲಿ ಪಡೆಯುತ್ತವೆ. ಬೆಲ್ಟು ಬೇಕಿಲ್ಲ, ಬ್ಯಾಟರಿ ಮಾತ್ರ ಬೇಕು. ತಂತಿಯ ವಿದ್ಯುತ್ ಕೈಕೊಟ್ಟಾಗ ದೀಪ ಉರಿಸಲು 110 ವೋಲ್ಟಿನ ಬ್ಯಾಟರಿ ಬೋಗಿಯಡಿಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಚಾರ್ಜ್ ಕೊಡುವ ಪೆಟ್ಟಿಗೆಯಲ್ಲೂ ವೋಲ್ಟೇಜಿಗೊಂದು, ಕರೆಂಟಿಗೊಂದು ಮಿತಿ ಇಟ್ಟಿರುತ್ತಾರೆ.