ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ

"ಮುಂದಿನ 24 ಗಂಟೆಗಳಲ್ಲಿ ಕರಾವಳಿಯ ಬಹುತೇಕ ಕಡೆ, ದಕ್ಷಿಣ ಒಳನಾಡಿನ ಹಲವು ಕಡೆ ಹಾಗೂ ಉತ್ತರ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ ಇದೆ."

ವಾರ್ತೆಯ ಕೊನೆಗೆ ಈ ಸಾಲು ಬರುತ್ತಿದ್ದಂತೆ "ಅಂದ್ರೆ ಎಲ್ಲೋ ಒಂದು ಕಡೆ ಬರುತ್ತೆ, ಅಷ್ಟೇ ತಾನೆ" ಎಂದು ರೇಡಿಯೊ ಆರಿಸುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಬಾಯಿಗೆ ಬಂದ ಹಾಗೆ ಹೇಳಿಬಿಟ್ಟಂತೆ ಕೇಳಿಸುವ ಆ ಸಾಲಿನಲ್ಲಿ ಅಳತೆಯಿಲ್ಲದ ಪದ ಒಂದೂ ಇಲ್ಲ. ಒಂದು ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಾಣುವಂತಿದ್ದರೆ 'ಒಂದೆರಡು ಕಡೆ'. 26ರಿಂದ 50ರವರೆಗೆ 'ಕೆಲವು ಕಡೆ', 51ರಿಂದ 75ರವರೆಗೆ 'ಹಲವು ಕಡೆ', ಅದಕ್ಕೂ ಮೇಲೆ ಹೋದರೆ 'ಬಹುತೇಕ ಕಡೆ'. ಹಾಗಾಗಿ 'ಒಂದೆರಡು ಕಡೆ' ಎಂದಿದ್ದ ದಿನ ನಿಮ್ಮೂರಿಗೆ ಹನಿ ಬೀಳದಿದ್ದರೆ ಹವಾಮಾನ ಇಲಾಖೆಯನ್ನು ಬೈಯುವ ಹಾಗಿಲ್ಲ. ಮುಕ್ಕಾಲು ಪಾಲು ಊರುಗಳು ಒಣಗಿರುತ್ತವೆ ಎಂದು ಅವರು ಮೊದಲೇ ಹೇಳಿಯಾಗಿದೆ. 'ಬಹುತೇಕ ಕಡೆ' ಎಂದಿದ್ದೂ ಬರಲಿಲ್ಲವೆಂದರೆ ಧಾರಾಳವಾಗಿ ಬೈಯಿರಿ.

ಎಷ್ಟು ಊರಿಗೆ ಎಂಬುದು ಒಂದು ಲೆಕ್ಕವಾದರೆ ಎಷ್ಟು ಜೋರು ಎಂಬುದು ಬೇರೆಯೇ ಲೆಕ್ಕ. 24 ಗಂಟೆಯಲ್ಲಿ 15.5 ಮಿ.ಮೀ. ತನಕ ಹಗುರ ಮಳೆ, 64.4ರ ತನಕ ಸಾಧಾರಣ. 64.5ರಿಂದ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ ಭಾರಿ. ಮಿಲಿಮೀಟರ್ ಎಂದರೆ ನಮ್ಮ ತಲೆಗೆ ಸ್ಕೇಲಿನ ಮೇಲಿನ ಸಣ್ಣ ಗೆರೆ ಬರುತ್ತದೆ, ಅದಕ್ಕೇ ಭಯವಾಗುವುದಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನ ಥರ್ಟಿ ಫಾರ್ಟಿ ಸೈಟು ಸುಮಾರು 111 ಚದರ ಮೀಟರ್. ಅಲ್ಲಿಗೆ 'ಭಾರಿ ಮಳೆ'ಯ ಹೊಸ್ತಿಲು ಮುಟ್ಟಿದ ದಿನ ಒಂದೊಂದು ಸೈಟಿನ ಮೇಲೂ ಏಳು ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದಿರುತ್ತದೆ. ಏಪ್ರಿಲ್‌ನಲ್ಲಿ ಫೋನ್ ಮಾಡಿ ಗೋಗರೆದರೂ ಬಾರದ ಆರು ಸಾವಿರ ಲೀಟರಿನ ಟ್ಯಾಂಕರು, ದುಡ್ಡಿಲ್ಲದೆ, ಎಲ್ಲರ ಮನೆಗೂ ಒಟ್ಟಿಗೆ ಬಂದು ರಸ್ತೆಗೆ ಇಳಿಯುತ್ತದೆ.

ಇನ್ನೊಂದು ಗೊಂದಲ ದಿನದ್ದು. ಹವಾಮಾನ ಇಲಾಖೆಯ ದಿನ ಶುರುವಾಗುವುದು ಬೆಳಗ್ಗೆ 8:30ಕ್ಕೆ. ಬುಧವಾರ ಪ್ರಕಟವಾಗುವ ಮಳೆಯ ಅಂಕಿ ಮಂಗಳವಾರ ಬೆಳಗ್ಗೆ 8:30ರಿಂದ ಬುಧವಾರ ಬೆಳಗ್ಗೆ 8:30ರವರೆಗಿನದ್ದು. "ನಿನ್ನೆ ರಾತ್ರಿಯಿಡೀ ಸುರಿದಿದೆ, ಇವತ್ತಿನ ಖಾತೆಗೆ ಬರೆದಿದ್ದಾರೆ" ಎಂಬ ದೂರಿಗೆ ಇದೇ ಉತ್ತರ. ಇಲಾಖೆಯ ಪಟ್ಟಿಯಲ್ಲಿ ಮಳೆ ಸೆಂಟಿಮೀಟರಿನಲ್ಲಿರುವುದೂ ಉಂಟು. 7 ಸೆಂ.ಮೀ. ಎಂದು ಕಂಡರೆ ಭಾರಿ, 12 ಎಂದರೆ ಅತಿ ಭಾರಿ ಎಂದು ನೆನಪಿಟ್ಟುಕೊಂಡರೆ ಸಾಕು.

ಎಲ್ಲಕ್ಕಿಂತ ಮೋಜಿನ ಸಂಗತಿ ನಕಾಶೆಯದ್ದು. ಭಾರತೀಯ ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಹಂಚಿಕೊಂಡಿದೆ. ನಮ್ಮ ಪಾಲಿಗೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಹಂಚಿರುವುದು ಜಿಲ್ಲೆಯ ಗಡಿ ಹಿಡಿದು, ಉತ್ತರ ಕನ್ನಡ ಇಡಿಯಾಗಿ ಕರಾವಳಿಯ ಲೆಕ್ಕಕ್ಕೆ. ಹೀಗಾಗಿ ಘಟ್ಟದ ಮೇಲಿನ ಶಿರಸಿಯವರು, ಸಮುದ್ರ ನೋಡಬೇಕೆಂದರೆ ದೇವಿಮನೆ ಘಾಟಿ ಇಳಿಯಬೇಕಾದವರು, ಇಲಾಖೆಯ ಕಣ್ಣಿಗೆ ಕರಾವಳಿಯವರು. ಬಯಲುಸೀಮೆಯ ಬಾಗಿಲಲ್ಲಿರುವ ಮುಂಡಗೋಡದವರೂ ಅಷ್ಟೆ. ಆಚೆ ಬದಿಯಲ್ಲಿ ಆಗುಂಬೆ ಶಿವಮೊಗ್ಗ ಜಿಲ್ಲೆಯದ್ದಾದ್ದರಿಂದ ದಕ್ಷಿಣ ಒಳನಾಡಿಗೆ ಸೇರಿದೆ. ಚಳ್ಳಕೆರೆಯೂ ಅದೇ ಒಳನಾಡಿನದ್ದು! ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಕಾಣುವ ಊರನ್ನೂ ಐನೂರರ ಆಸುಪಾಸಿನಲ್ಲೇ ಏಗುವ ಊರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರೆ ಯಾರ ಎಲೆಗೂ ಅಳತೆ ಸರಿಹೋಗುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ಬೇರೆ ತೆಗೆದು ನಾಲ್ಕು ಭಾಗ ಮಾಡಿಕೊಂಡಿರುವುದು ಈ ವಿಷಯದಲ್ಲಿ ಜಾಣತನ. ನೀವು ಘಟ್ಟದ ಅಂಚಿನವರಾದರೆ ಉಪವಿಭಾಗದ ಸಾಲನ್ನು ಬಿಟ್ಟು ಜಿಲ್ಲಾವಾರು ಮುನ್ಸೂಚನೆಯನ್ನೇ ನೋಡಿ.

ಇಷ್ಟು ಹತ್ತಿರದ ಊರುಗಳ ನಡುವೆ ಇಷ್ಟು ಅಂತರ ಏಕೆ? ಜೂನ್‌ನಿಂದ ಅರಬ್ಬಿ ಸಮುದ್ರದ ಮೇಲೆ ಪಡುವಣ ಗಾಳಿ ನೀರಾವಿ ಹೊತ್ತು ಬರುತ್ತದೆ. ಸಹ್ಯಾದ್ರಿ ಅಡ್ಡ ಬಂದಾಗ ಮೇಲೇರಲೇಬೇಕು, ಏರಿದಂತೆ ತಣ್ಣಗಾಗಬೇಕು, ತಣ್ಣಗಾದ ಗಾಳಿಗೆ ಅಷ್ಟು ಆವಿ ಹಿಡಿದಿಟ್ಟುಕೊಳ್ಳಲು ಆಗದು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ಚೀಲ ಬಿಚ್ಚುತ್ತದೆ. ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮಳೆ ಅರ್ಧಕ್ಕೂ ಕೆಳಗಿಳಿದು, ಶಿವಮೊಗ್ಗ ಪೇಟೆಯಲ್ಲಿ ಸಾವಿರ ಮಿ.ಮೀ. ಆಸುಪಾಸಾಗಿ, ಚಿತ್ರದುರ್ಗದ ಕಡೆ ಹೊರಟಾಗ ಗಾಳಿ ಮಾತ್ರ ಉಳಿದಿರುತ್ತದೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ.

ಜುಲೈಯಲ್ಲಿ ಮುಂದಿನ ನಾಲ್ಕೈದು ದಿನ ಹೇಗೆ ಎಂದು ತಿಳಿಯಬೇಕಾದರೆ ಹವಾಮಾನ ವರದಿಯಲ್ಲಿ ಎರಡು ಮಾತು ಹುಡುಕಬೇಕು. ಮೊದಲನೆಯದು ಗುಜರಾತಿನಿಂದ ಕೇರಳದ ತನಕ ತೀರಕ್ಕೆ ಸಮಾನಾಂತರವಾಗಿ ಕಡಿಮೆ ಒತ್ತಡದ ಪಟ್ಟಿ ಇದೆಯೇ ಎಂಬುದು. ಅದು ಗಟ್ಟಿಯಾಗಿದ್ದರೆ ಕರಾವಳಿಗೆ ಬಿಡುವಿಲ್ಲ. ಎರಡನೆಯದು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಒಡಿಶಾದ ಹತ್ತಿರ ಕುಸಿತವಾದರೆ ಉಡುಪಿಗೇನು ಎಂದು ಕೇಳಬೇಡಿ. ಅದು ತನ್ನತ್ತ ಗಾಳಿಯನ್ನು ಎಳೆಯುವಾಗ ಅರಬ್ಬಿ ಸಮುದ್ರದ ಪಡುವಣ ಗಾಳಿಗೂ ಬಲ ಬರುತ್ತದೆ, ಅದು ಸಹ್ಯಾದ್ರಿಗೆ ಇನ್ನಷ್ಟು ರಭಸದಿಂದ ಬಡಿಯುತ್ತದೆ. ಒಡಿಶಾದ ಕುಸಿತಕ್ಕೆ ಕುಂದಾಪುರದ ಮಕ್ಕಳು ರಜೆ ಪಡೆಯುವುದು ಹೀಗೆ. ರಾತ್ರಿ ಊಟವಾದ ಮೇಲೆ ಜಿಲ್ಲಾಧಿಕಾರಿಯ ಆದೇಶಕ್ಕಾಗಿ ಅಪ್ಪನ ಫೋನು ಹಿಡಿದು ಕೂತ ಹುಡುಗರು ಹವಾಮಾನ ವರದಿಯ ಅತಿ ಶ್ರದ್ಧೆಯ ಓದುಗರು. ರಜೆ ಘೋಷಣೆಯಾದ ಮರುದಿನ ಬಿಸಿಲು ಬರುವುದು ಕರಾವಳಿಯ ಹಳೆಯ ಜೋಕು. ರಜೆ ಕೊಡದ ದಿನ ಸುರಿದರೆ ಆಗುವ ಫಜೀತಿಯ ಮುಂದೆ ಅಧಿಕಾರಿಗೆ ಈ ಜೋಕೇ ವಾಸಿ.

ತೀರದ ಈ ಪಟ್ಟಿಯಲ್ಲದೆ ಉತ್ತರ ಭಾರತದ ಮೇಲೆ ಚಾಚುವ ಕಡಿಮೆ ಒತ್ತಡದ ಇನ್ನೊಂದು ಪಟ್ಟಿ, ಮುಂಗಾರಿನ ಪಟ್ಟಿ, ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಹೋಗಿ ಕೂತರೆ ಕರಾವಳಿಯಲ್ಲಿ ಮಳೆ ಸಪ್ಪೆಯಾಗುತ್ತದೆ. ಮಲೆನಾಡಿನವರು 'ಹೊಳವು' ಎನ್ನುವ ಬಿಡುವು ಉದ್ದವಾಗಿ ಸಿಗುವುದು ಇಂಥ ದಿನಗಳಲ್ಲೇ. ಅಡಿಕೆ ಬೆಳೆಗಾರರಿಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಲು ಒಂದಷ್ಟು ಗಂಟೆ ಮಳೆ ಬಿಡಬೇಕು. ಮುಂಗಾರಿಗೆ ಮುಂಚೆ ಹೊಡೆದ ಮೊದಲ ಔಷಧಿಯ ಬಲ ನಲವತ್ತು ನಲವತ್ತೈದು ದಿನಕ್ಕೆ ಕುಂದುವುದು ಜುಲೈಯ ಸುಮಾರಿಗೆ, ಮಳೆ ಜಡಿಯುತ್ತಿರುವಾಗಲೇ.

"ನಾಳೆ ಹೊಳವು ಸಿಗ್ತದಾ ಹೆಗಡೇರೇ? ಸಿಕ್ಕಿದ್ರೆ ನಿಮ್ಮ ತೋಟಕ್ಕೇ ಬರ್ತೆ" ಎಂದು ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಫೋನಿನಲ್ಲಿ ಕೇಳಿದಾಗ "ಉತ್ತರ ಕನ್ನಡದ ಬಹುತೇಕ ಕಡೆ ಸಾಧಾರಣ ಮಳೆ" ಎಂದು ಓದಿ ಹೇಳಿ ಪ್ರಯೋಜನವಿಲ್ಲ. ಆ ಸಾಲು ಹೇಳುವುದು 24 ಗಂಟೆಯ ಒಟ್ಟು ಮಳೆಯನ್ನು. ಅದು ರಾತ್ರಿಯೇ ಸುರಿದು ಮುಗಿದು, ಹಗಲೆಲ್ಲ ಹೊಳವಾಗಿರಬಹುದು. ಇಲ್ಲವೇ ಗಂಟೆಗೊಮ್ಮೆ ಎರಡೆರಡು ಹನಿ ಬಿದ್ದು ಇಡೀ ದಿನ ಕೆಟ್ಟಿರಬಹುದು. ಇಲ್ಲಿ ಕೆಲಸಕ್ಕೆ ಬರುವುದು ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು. ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಇವೆ, ಗ್ರಾಮ ಪಂಚಾಯಿತಿಗೊಂದರಂತೆ. ಪ್ರತಿ 15 ನಿಮಿಷಕ್ಕೆ ಅಂಕಿ ಕಳಿಸುತ್ತವೆ. ನಿಮ್ಮೂರಿನ ಪಡುವಣ ದಿಕ್ಕಿನ ಪಂಚಾಯಿತಿಗಳಲ್ಲಿ ಬೆಳಗಿನಿಂದ ಸೊನ್ನೆ ತೋರಿಸುತ್ತಿದ್ದರೆ ಸುಣ್ಣ ನೆನೆಹಾಕಬಹುದು. ಮಳೆ ಬರುವುದು ಆ ದಿಕ್ಕಿನಿಂದಲೇ ತಾನೆ.

ಮುನ್ಸೂಚನೆ ತಯಾರಾಗುವ ಬಗೆಯನ್ನೂ ಸ್ವಲ್ಪ ನೋಡೋಣ. ಬೆಂಗಳೂರು, ಮಂಗಳೂರುಗಳಿಂದ ಬಲೂನು ಮೇಲೇರಿ ಎತ್ತರದ ಒತ್ತಡ, ಉಷ್ಣತೆ, ತೇವ ತಿಳಿಸುತ್ತದೆ. ಇನ್ಸಾಟ್ ಸರಣಿಯ ಉಪಗ್ರಹಗಳು ಮೋಡದ ಚಿತ್ರ ಕಳಿಸುತ್ತವೆ. ಹಡಗು, ವಿಮಾನ, ತೇಲುಬುರುಡೆಗಳ ಅಂಕಿಯೂ ಸೇರಿ ಸೂಪರ್ ಕಂಪ್ಯೂಟರಿಗೆ ಹೋಗುತ್ತದೆ. ಅದು ಭೂಮಿಯ ಮೇಲೆ ಚೌಕಗಳ ಬಲೆ ಹಾಸಿ, ಒಂದೊಂದು ಚೌಕದಲ್ಲೂ ಗಾಳಿ ಎತ್ತ ಹರಿಯುತ್ತದೆ, ಆವಿ ಎಷ್ಟು ನೀರಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಚೌಕ 6 ಕಿ.ಮೀ. ಅಗಲದ್ದು, ಅದಕ್ಕೆ ಮುಂಚೆ 12 ಕಿ.ಮೀ. ಇತ್ತು. ಆರು ಕಿಲೋಮೀಟರಿನ ಚೌಕ ದೊಡ್ಡ ಸಾಧನೆಯೇ. ಆದರೂ ಮಲ್ಲೇಶ್ವರದಲ್ಲಿ ಹೊಯ್ದು ಜಯನಗರದಲ್ಲಿ ಬಿಸಿಲು ಕಾಯುವ ಬೆಂಗಳೂರಿನ ಸಂಜೆ ಮಳೆಯ ಮೋಡ ಕೆಲವೊಮ್ಮೆ ಆ ಒಂದು ಚೌಕದೊಳಗೇ ಹುಟ್ಟಿ ಅಲ್ಲೇ ಕರಗುತ್ತದೆ.

ಹತ್ತನೇ ದಿನಕ್ಕೆ ಮೋಡದ ಚಿತ್ರ ತೋರಿಸುವ ಫೋನಿನ ಆಪ್‌ಗಳನ್ನು ನಾನು ನಂಬುವುದಿಲ್ಲ. ನಂಬದಿರಲು ಕಾರಣವೂ ಇದೆ. ಎಡ್ವರ್ಡ್ ಲೊರೆನ್ಜ್ ಎಂಬ ಅಮೆರಿಕದ ಹವಾಮಾನ ವಿಜ್ಞಾನಿ 1961ರಲ್ಲಿ ಕಂಪ್ಯೂಟರಿನ ಒಂದು ಲೆಕ್ಕವನ್ನು ಮಧ್ಯದಿಂದ ಮತ್ತೆ ಓಡಿಸಲು ಹೋಗಿ 0.506127 ಎಂಬ ಅಂಕಿಯನ್ನು 0.506 ಎಂದಷ್ಟೇ ಹಾಕಿದರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಯಾಗಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಆರಂಭದ ಅಂಕಿಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ದಿನ ಕಳೆದಂತೆ ಅದು ಬೆಳೆಯುತ್ತದೆ, ಮತ್ತು ಅಂಕಿ ಪೂರ್ತಿ ಸರಿ ಇರುವುದು ಎಂದೂ ಸಾಧ್ಯವಿಲ್ಲ. ಅದಕ್ಕೇ ಈಗ ಆರಂಭವನ್ನು ಚೂರುಪಾರು ಬದಲಿಸಿ ಒಂದೇ ಲೆಕ್ಕವನ್ನು ಹತ್ತಾರು ಸಲ ಓಡಿಸುತ್ತಾರೆ. ಹತ್ತರಲ್ಲಿ ನಾಲ್ಕು ಲೆಕ್ಕ ಮಳೆ ಎಂದರೆ ಸಾಧ್ಯತೆ ಶೇಕಡಾ 40. ದಿನದ 40 ಭಾಗ ಮಳೆ ಎಂದಾಗಲಿ, ಊರಿನ 40 ಭಾಗಕ್ಕೆ ಮಳೆ ಎಂದಾಗಲಿ ಅರ್ಥವಲ್ಲ. ಮೊದಲ ಎರಡು ಮೂರು ದಿನದ ಮಾತಿಗೆ ಮದುವೆ ಶಾಮಿಯಾನ ಗೊತ್ತುಮಾಡಬಹುದು. ಐದನೇ ದಿನದ್ದನ್ನು ಕೇಳಿಸಿಕೊಂಡಿರಬೇಕು. ಹತ್ತನೇ ದಿನದ್ದು ಹೆಚ್ಚುಕಡಿಮೆ "ಜುಲೈಯಲ್ಲಿ ಮಳೆ ಬರುತ್ತದೆ" ಎಂಬಷ್ಟೇ ಸುದ್ದಿ.

ಅಷ್ಟು ಸುದ್ದಿಯನ್ನು ನಮ್ಮ ಪಂಚಾಂಗವೂ ಕೊಡುತ್ತದೆ, ಚಾರ್ಜು ಮಾಡದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕದಲ್ಲಿ ಜೂನ್ 22ರ ಸುಮಾರಿಗೆ ಆರಿದ್ರಾ, ಜುಲೈ 6ರ ಸುಮಾರಿಗೆ ಪುನರ್ವಸು, 20ರ ಸುಮಾರಿಗೆ ಪುಷ್ಯ, ಆಗಸ್ಟ್ ಮಧ್ಯಕ್ಕೆ ಮಘೆ. ಸೂರ್ಯನ ಲೆಕ್ಕವಾದ್ದರಿಂದ ವರ್ಷ ವರ್ಷವೂ ಅದೇ ತಾರೀಕು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ", "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಎಂಬ ಗಾದೆಗಳು ತಲೆಮಾರುಗಳ ಸರಾಸರಿ. ಯಾವ ಹದಿನೈದು ದಿನದ ಮಳೆ ಯಾವ ಬೆಳೆಗೆ ಬೇಕು ಎಂಬುದನ್ನು ಅವು ಇಲಾಖೆಗಿಂತ ಚೆನ್ನಾಗಿ ಹೇಳುತ್ತವೆ. ಬರುವ ಗುರುವಾರದ ಬಗ್ಗೆ ಮಾತ್ರ ಅವುಗಳನ್ನು ಕೇಳಬಾರದು.

ಇಲಾಖೆಯ ಎಚ್ಚರಿಕೆಯ ಬಣ್ಣಗಳ ವಿಷಯಕ್ಕೆ ಬಂದರೆ, ಹಸಿರಿಗೆ ಎಚ್ಚರಿಕೆಯಿಲ್ಲ, ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಟಿವಿಯವರು ಮೂರಕ್ಕೂ ಒಂದೇ ದನಿಯಲ್ಲಿ ಕಿರುಚುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಬಣ್ಣ ನಿಂತಿರುವುದು ಮಳೆಯ ಅಳತೆಯೊಂದರ ಮೇಲೆ ಅಲ್ಲ, ಅದರಿಂದ ಆಗಬಹುದಾದ ತೊಂದರೆಯ ಮೇಲೂ. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿ.ಮೀ. ದಾಟುವುದು ಮಾಮೂಲು, ಅಲ್ಲಿನ ಚರಂಡಿ, ಮಾಡು, ಮನುಷ್ಯರು ಎಲ್ಲರೂ ಅದಕ್ಕೆ ಒಗ್ಗಿದವರು. ಅದೇ ಮಳೆಯ ಹತ್ತರಲ್ಲೊಂದು ಪಾಲು ಒಂದೇ ರಾತ್ರಿ ಕಲಬುರಗಿಯಲ್ಲಿ ಸುರಿದರೆ ಹಳ್ಳಗಳು ರಸ್ತೆ ಕೊಚ್ಚುತ್ತವೆ.

ಬೆಂಗಳೂರಿನವರ ಲೆಕ್ಕ ಬೇರೆ. ಜುಲೈಯಲ್ಲಿ ಇಲ್ಲಿ ಜಿಟಿಜಿಟಿ, ಸ್ವೆಟರು, ಮೆಣಸಿನಕಾಯಿ ಬಜ್ಜಿ. ನಿಜವಾದ ಜಡಿಮಳೆ ಸೆಪ್ಟೆಂಬರ್, ಅಕ್ಟೋಬರಿನ ಸಂಜೆಗಳಿಗೆ ಕಾದಿರುತ್ತದೆ. ಬೆಳಗಿನ ಬಿಸಿಲಿಗೆ ನೆಲ ಕಾದು, ಮಧ್ಯಾಹ್ನ ಮೋಡ ಗೋಪುರದಂತೆ ಎದ್ದು, ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಸುರಿಯುವುದು ಅದರ ಚಾಳಿ. ಇದಕ್ಕೆ ಹಿಂದಿನ ರಾತ್ರಿಯ ವರದಿಗಿಂತ ಮಧ್ಯಾಹ್ನ ಮೂರರ ನಂತರ ಇಲಾಖೆ ಮೂರು ಗಂಟೆಗೆಂದು ಕೊಡುವ ತಕ್ಷಣದ ಮುನ್ಸೂಚನೆ ಹೆಚ್ಚು ಉಪಯೋಗ. ಸಿಡಿಲಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಮಾಡಿದ 'ದಾಮಿನಿ' ಆಪ್ ಇದೆ, ನಮ್ಮ ರಾಜ್ಯದ್ದೇ 'ಸಿಡಿಲು' ಇದೆ, ಹತ್ತಿರದಲ್ಲಿ ಮಿಂಚಾಗುತ್ತಿದ್ದರೆ ತಿಳಿಸುತ್ತವೆ. ಆಪ್ ಇಲ್ಲದಿದ್ದರೆ ಎಣಿಸಿ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಒಂಟಿ ಮರದ ಬುಡ ಬಿಟ್ಟು ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಅಷ್ಟರಲ್ಲಿ ನೆನೆದಿರುತ್ತದೆ, ಅದಕ್ಕಾಗಿ ಓಡಬೇಡಿ.