ನರ ಬಂದು ಮುಟ್ಟಿದರೇ ಸ್ನಾಯು

ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆ ತೋಟಗಳಲ್ಲಿ ಬಿರುಕು ಬಿಟ್ಟ ಹಣ್ಣನ್ನು ಬದುವಿನ ಮೇಲೆ ಗುಡ್ಡೆ ಹಾಕಿರುತ್ತಾರೆ. ಹುಳಿ ವಾಸನೆ ಏಳುತ್ತಿದ್ದಂತೆ ಕೆಂಪು ಕಣ್ಣಿನ ಪುಟ್ಟ ನೊಣಗಳು ಮುತ್ತುತ್ತವೆ. ಕೊಟ್ಟೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನಾನು ಪ್ರಯೋಗಕ್ಕೆ ಬೇಕಾದ ನೊಣ ಹಿಡಿಯುವುದು ಅಲ್ಲಿಂದಲೇ. ‘ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ ಸರ?’ ಎಂದು ರೈತರು ಕೇಳುತ್ತಾರೆ. ಯಾವುದೂ ಬೇಡ. ಮಾವಿನಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಹಣ್ಣು ನೊಣ ಬೇರೆ, ಅದು ಗಾತ್ರದಲ್ಲೂ ದೊಡ್ಡದು. ಇದು ಡ್ರೊಸೊಫಿಲಾ. ಕೊಳೆತ ಹಣ್ಣಿನ ಮೇಲೆ ಬೆಳೆಯುವ ಈಸ್ಟ್ ಇದರ ಆಹಾರ.

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಅಲ್ಲಿನ ಡ್ರೊಸೊಫಿಲಾ ತಳಿ ಕೇಂದ್ರದ ಬಾಟಲಿಗಳಲ್ಲಿ ಈ ನೊಣವನ್ನು ಮೊದಲು ಹತ್ತಿರದಿಂದ ನೋಡಿದೆ. ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು. ನಾಲ್ಕೇ ಜೊತೆ ಕ್ರೋಮೊಸೋಮು. ಅಮೆರಿಕದ ವಿಜ್ಞಾನಿ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ಗಂಡು ನೊಣವನ್ನು ಕಂಡ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನಮ್ಮ ದೇಶದಲ್ಲಿ ನಡೆದ ಕೆಲಸದ ಮಾತು ಮಾತ್ರ ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾರುವಾಗ ಈ ನೊಣ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಯುತ್ತದೆ. ಆ ಬಲ ಕೊಡುವ ದೊಡ್ಡ ಸ್ನಾಯುಗಳು ರೆಕ್ಕೆಗೆ ಅಂಟಿಕೊಂಡೇ ಇಲ್ಲ. ಎದೆಗೂಡಿನ ಒಳಗೋಡೆಗೆ ಅಂಟಿವೆ. ಉದ್ದಕ್ಕೆ ಇರುವ ಸ್ನಾಯು ಬಿಗಿದರೆ ಎದೆಯ ಬೆನ್ನು ಉಬ್ಬಿ ರೆಕ್ಕೆ ಕೆಳಗಿಳಿಯುತ್ತದೆ, ಮೇಲಿಂದ ಕೆಳಕ್ಕಿರುವ ಸ್ನಾಯು ಬಿಗಿದರೆ ರೆಕ್ಕೆ ಮೇಲೇಳುತ್ತದೆ. ಹರಿದಾಡುವ ಮರಿಹುಳುವಿಗೆ ಇವು ಯಾವುವೂ ಇರುವುದಿಲ್ಲ. ಹಾಗಾದರೆ ಎಲ್ಲಿಂದ ಬಂದವು?

ಆಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಜಾಯ್ಸ್ ಫರ್ನಾಂಡಿಸ್ ಮತ್ತು ಕೆ. ವಿಜಯರಾಘವನ್, ಇಂಗ್ಲೆಂಡಿನ ಮೈಕೆಲ್ ಬೇಟ್ ಜೊತೆ ಸೇರಿ 1991ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೋಶಾವಸ್ಥೆಯಲ್ಲಿ ಮರಿಹುಳುವಿನ ಸ್ನಾಯುಗಳು ಬಹುಪಾಲು ಕರಗಿಹೋಗುತ್ತವೆ. ಎದೆಯ ಒಂದೊಂದು ಮಗ್ಗುಲಲ್ಲಿ ಮೂರು ಮಾತ್ರ ಉಳಿಯುತ್ತವೆ. ಹಳೇ ಮನೆಯ ಗೋಡೆ ಉಳಿಸಿಕೊಂಡು ಹೊಸ ಮನೆ ಎಬ್ಬಿಸಿದ ಹಾಗೆ, ಎಳೆಯ ಸ್ನಾಯುಕೋಶಗಳು ಬಂದು ಆ ಮೂರಕ್ಕೆ ಬೆಸೆದುಕೊಳ್ಳುತ್ತವೆ. ಮೂರು ಸೀಳಿ ಉದ್ದನೆಯ ಆರು ಸ್ನಾಯುಗಳಾಗುತ್ತವೆ. ಮೇಲಿಂದ ಕೆಳಕ್ಕಿರುವ ಸ್ನಾಯುಗಳಿಗೆ ಈ ಆಸರೆಯಿಲ್ಲ, ಅವು ಹೊಸದಾಗಿಯೇ ಹುಟ್ಟಬೇಕು.

ನರದ ಪಾತ್ರ ಬರುವುದು ಇಲ್ಲಿ. ಬೆಳೆಯುವ ಹೊತ್ತಿನಲ್ಲಿ ನರ ಕತ್ತರಿಸಿದರೆ ಹೊಸದಾಗಿ ಹುಟ್ಟಬೇಕಾದ ಸ್ನಾಯು ಹುಟ್ಟುವುದೇ ಇಲ್ಲ. ಆಸರೆಯಿರುವ ಸ್ನಾಯು ಹುಟ್ಟಿದರೂ ಸೊರಗುತ್ತದೆ. ಆಜ್ಞೆ ಒಯ್ಯುವುದಷ್ಟೇ ನರದ ಕೆಲಸವೆಂದು ನಾವು ಪಾಠ ಹೇಳುತ್ತೇವೆ. ಸ್ನಾಯು ಕಟ್ಟುವುದರಲ್ಲೂ ಅದರ ಕೈಯಿದೆ. ‘ಎರೆಕ್ಟ್ ವಿಂಗ್’ ಎಂಬ ಜೀನು ನರಕ್ಕೂ ಬೇಕು, ಈ ಸ್ನಾಯುವಿಗೂ ಬೇಕು. ಅದು ಕೆಟ್ಟ ನೊಣದ ಎದೆಯಲ್ಲಿ ಉದ್ದನೆಯ ಸ್ನಾಯು ಬೆಳೆಯುವುದಿಲ್ಲ, ರೆಕ್ಕೆ ನೆಟ್ಟಗೆ ನಿಂತುಬಿಡುತ್ತದೆ, ಹಾರಲಾಗುವುದಿಲ್ಲ.

ಮುಂದೆ ವಿಜ್ಞಾನಿ ಒಬೈದ್ ಸಿದ್ದಿಕಿಯವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ತಲೆಯೆತ್ತಿತು. ಈ ಕೆಲಸ ಅಲ್ಲಿ ಮುಂದುವರಿಯಿತು. ಗಾಯವಾದಾಗ ಎಚ್ಚರಗೊಂಡು ದುರಸ್ತಿಗೆ ಇಳಿಯುವ ಕಾಂಡಕೋಶಗಳು ನಮ್ಮ ಸ್ನಾಯುಗಳಲ್ಲಿವೆ. ಬೆಳೆದ ನೊಣದಲ್ಲೂ ಅಂಥವು ಇವೆಯೆಂದು ವಿಜಯರಾಘವನ್ ಅವರ ತಂಡ 2017ರಲ್ಲಿ ತೋರಿಸಿತು.

ನೊಣದ ಈ ವಿಚಾರವನ್ನು ನಾನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣವಿದೆ. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಿಂದ ತಂದೆತಾಯಿ ಮಗನನ್ನು ನನ್ನ ಬಳಿ ಕರಕೊಂಡು ಬಂದಿದ್ದರು. ಮೀನಖಂಡ ದಪ್ಪ, ಆದರೆ ಬಲವಿಲ್ಲ. ನೆಲದಿಂದ ಏಳುವಾಗ ಹುಡುಗ ತನ್ನ ತೊಡೆಯ ಮೇಲೆ ಕೈಯೂರಿ ಮೇಲೇರುತ್ತಿದ್ದ. ಡುಶೆನ್ ಸ್ನಾಯುಕ್ಷಯದ ಲಕ್ಷಣ ಅದು. ಡಿಸ್ಟ್ರೊಫಿನ್ ಎಂಬ ಪ್ರೋಟೀನಿನ ಜೀನು ಕೆಟ್ಟಿರುತ್ತದೆ. ಅದೇ ಜೀನು ಕೆಟ್ಟ ನೊಣದ ಸ್ನಾಯುವೂ ವಯಸ್ಸಾದಂತೆ ಸವೆಯುತ್ತದೆ. ‘ಹಿಂದಿನ ಜನ್ಮದ ಕರ್ಮ’ ಎಂದು ಊರವರು ತಾಯಿಯನ್ನು ಆಡಿಕೊಂಡಿದ್ದರು. ಈ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿದೆ, ಹಾಗಾಗಿ ಬಾಧೆ ಬಹುಮಟ್ಟಿಗೆ ಗಂಡುಮಕ್ಕಳಿಗೆ. ಮೂವರಲ್ಲಿ ಸುಮಾರು ಒಬ್ಬರಿಗೆ ತಾಯಿಯಲ್ಲಿ ಇಲ್ಲದ ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ಇದು ಸೋದರಮಾವನನ್ನು ಮದುವೆಯಾದದ್ದರ ಫಲವೂ ಅಲ್ಲ. ಬೆನ್ನುಹುರಿಯ ನರಕೋಶ ಸತ್ತು ಸ್ನಾಯು ಸೊರಗುವ ಎಸ್‌ಎಂಎ ಕಾಯಿಲೆಯ ಮಾತು ಬೇರೆ. ಅದಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು, ಒಳಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು.

ಆ ತಾಯಿಗೆ ಇದನ್ನೆಲ್ಲ ಕಾಗದದ ಮೇಲೆ ಬರೆದು ವಿವರಿಸಿದೆ. ‘ಅವನ ಅಕ್ಕಗ ಗಂಡು ನೋಡಾಕತ್ತೀವಿ, ಆಕಿಗೂ ತೊಂದ್ರಿ ಐತೇನ್ರಿ?’ ಎಂದು ಕೇಳಿದರು. ಮೊದಲು ಹುಡುಗನ ಜೀನ್ ಪರೀಕ್ಷೆ, ಆಮೇಲೆ ನಿಮ್ಮದು. ನಿಮ್ಮಲ್ಲಿ ದೋಷ ಕಾಣದಿದ್ದರೂ ಆಕೆಯದೂ ಆಗಲಿ ಎಂದು ಹೇಳಿ, ನಿಮ್ಹಾನ್ಸ್‌ಗೆ ಹೋಗಲು ದಾರಿ ಬರೆದುಕೊಟ್ಟೆ.